ಮೂರು ಗುಂಡಿಗಳಲ್ಲಿ ನಾನು ಓದಿದ್ದು ಅರ್ಧ

ಕಂಪ್ಯೂಟರಿನದು ಏನೂ ತಪ್ಪಿರಲಿಲ್ಲ. ಅದರೊಳಗೆ ಹಾಕಿದ್ದು ಪುಕ್ಕಟೆ ಬಂದದ್ದು, ಅದಕ್ಕೇ ಹೀಗಾಯಿತು ಎಂದು ಓಣಿಯವರು ಬೈದರು, ನನ್ನ ಮಗನೂ ಬೈದ. ನಡೆದದ್ದು ಇಷ್ಟೇ. ಪರದೆಯ ಮೇಲೆ ಮೂರು ಗುಂಡಿ ಬಂದವು. ಒಂದನ್ನು ನಾನು ಅರ್ಧ ಓದಿ ಹೇಳಿದೆ. ಸೊಸೆ ಅದನ್ನು ಒತ್ತಿದಳು. ಅವಳ ನಾಲ್ಕು ದಿನದ ಕೆಲಸ ಹೋಯಿತು. ಆಮೇಲೆ ಮರುದಿನ ಹನ್ನೊಂದರವರೆಗೆ ನಾನು ಬಾಯಿ ಬಿಡಲಿಲ್ಲ. ಓದಿದ ತಪ್ಪಿಗಿಂತ ಅದು ದೊಡ್ಡ ತಪ್ಪು.

ನಾನು ಕಲಿತದ್ದು ಮೂರನೇ ಇಯತ್ತೆವರೆಗೆ, ಅದೂ ಕನ್ನಡ ಶಾಲೆಯಲ್ಲಿ. ಅಕ್ಕಲಕೋಟೆ ತಾಲ್ಲೂಕಿನ ನಮ್ಮ ಊರಲ್ಲಿ ಆಗ ಕನ್ನಡ ಶಾಲೆಯೇ ಇತ್ತು, ಈಗಲೂ ಇದೆ. ಮುಂದೆ ಓದಿಸಲಿಲ್ಲ, ನಾನೂ ಅಳಲಿಲ್ಲ. ಮದುವೆಯಾಗಿ ಸೊಲ್ಲಾಪುರಕ್ಕೆ ಬಂದ ಮೇಲೆ ಕನ್ನಡ ಓದುವ ಪ್ರಸಂಗವೇ ಬರಲಿಲ್ಲ. ಪೇಪರು ಮರಾಠಿ, ಬಸ್ಸಿನ ಬೋರ್ಡು ಮರಾಠಿ, ಲೈಟ್ ಬಿಲ್ಲು ಮರಾಠಿ, ಔಷಧದ ಡಬ್ಬಿ ಇಂಗ್ಲಿಷು. ಮನೆಯಲ್ಲಿ ಆಡುವುದು ಮಾತ್ರ ಕನ್ನಡ. ಮಗ ಹತ್ತಿರದ ಮರಾಠಿ ಶಾಲೆಗೆ ಹೋದ, ಈಗ ಎಸ್‌ಟಿ ಬಸ್ಸಿನಲ್ಲಿ ಕಂಡಕ್ಟರ್. ಸೊಸೆ ಬಾರ್ಶಿ ಕಡೆಯವಳು, ತವರಿನ ಮಾತು ಮರಾಠಿ. ಕನ್ನಡವನ್ನು ನನ್ನ ಬಾಯಿಂದ ಕೇಳಿ ಕಲಿತಳು, ಬೈಗುಳದ ಸಮೇತ. ಹೀಗಾಗಿ ಕನ್ನಡ ಮಾತಾಡುವ ಈ ಮನೆಯಲ್ಲಿ ಕನ್ನಡ ಓದಲು ಬರುವವಳು ನಾನೊಬ್ಬಳೇ. ಇಷ್ಟು ವರ್ಷ ಅದು ಯಾರಿಗೂ ಗೊತ್ತಾಗಿರಲಿಲ್ಲ, ಯಾಕೆಂದರೆ ಓದಲು ಏನೂ ಇರಲಿಲ್ಲ.

ನನ್ನ ಗಂಡ ಜಕಾರ್ಡಿನ ರಟ್ಟಿಗೆ ತೂತು ಹೊಡೆಯುವವರಾಗಿದ್ದರು. ಚಾದರದ ಅಂಚಿನಲ್ಲಿ ಹೂವು, ನವಿಲು ಬರುತ್ತವಲ್ಲ, ಅವು ತಾವಾಗಿ ಬರುವುದಿಲ್ಲ. ಮಗ್ಗದ ತಲೆಯ ಮೇಲೆ ಜಕಾರ್ಡ್ ಎಂಬ ಯಂತ್ರ ಕೂತಿರುತ್ತದೆ, ಅದಕ್ಕೆ ತೂತು ಹೊಡೆದ ರಟ್ಟಿನ ಪಟ್ಟಿಗಳ ಸರ ಕೊಡಬೇಕು. ತೂತು ಇದ್ದಲ್ಲಿ ದಾರ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ನೇಯ್ಗೆಯ ಒಂದೊಂದು ಸಾಲಿಗೆ ಒಂದೊಂದು ರಟ್ಟು. ಚೌಕಳಿ ಕಾಗದದ ಮೇಲೆ ಬಿಡಿಸಿದ ಚಿತ್ರವನ್ನು ಗೋಡೆಗೆ ಹಚ್ಚಿ ನಾನು ಓದುತ್ತಿದ್ದೆ, ಅವರು ಹೊಡೆಯುತ್ತಿದ್ದರು. ಮೂರು ಹಿಡಿ, ಎರಡು ಬಿಡು, ಒಂದು ಹಿಡಿ, ಐದು ಬಿಡು. ಒಬ್ಬರು ನೋಡಿ ಹೇಳಬೇಕು, ಇನ್ನೊಬ್ಬರು ನೋಡದೆ ಹೊಡೆಯಬೇಕು. ಇಬ್ಬರೂ ನೋಡಲು ಹೋದರೆ ಸಾಲು ತಪ್ಪುತ್ತದೆ. ಆಮೇಲೆ ಆ ರಟ್ಟುಗಳನ್ನು ದಾರದಿಂದ ಒಂದಕ್ಕೊಂದು ಪೋಣಿಸುವುದು ನನ್ನ ಕೆಲಸ. ಓಣಿಯ ಕಟ್ಟೆಯ ಮೇಲೆ ಕೂತು, ಬೀಡಿ ಕಟ್ಟುವ ಹೆಂಗಸರ ಜೊತೆ ಹರಟೆ ಹೊಡೆಯುತ್ತ ಎಷ್ಟು ಸಾವಿರ ರಟ್ಟು ಪೋಣಿಸಿದೆನೋ. ಗಂಡ ಹೋಗಿ ಬಹಳ ವರ್ಷವಾಯಿತು. ಒಳ್ಳೆಯ ಮನುಷ್ಯ, ಕೆಲಸದ ಹೊತ್ತಿಗೆ ಮಾತ್ರ ಸಿಟ್ಟು ಜಾಸ್ತಿ.

ಈಗ ಚೌಕಳಿಯ ಕೆಲಸ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಸೊಸೆ ಆರು ವರ್ಷ ನಮ್ಮ ಓಣಿಯ ತುದಿಯ ಡಿಸೈನ್ ಅಂಗಡಿಯಲ್ಲಿ ಕೂತು ಅದನ್ನೇ ಮಾಡಿದಳು. ಚೌಕ ತುಂಬುವವಳು ಇವಳು, ಶೇಟ್ರ ಮುಂದೆ ನಿಂತು ಹೊಗಳಿಸಿಕೊಳ್ಳುವವನು ಅಂಗಡಿಯವನು. ಕಾರಖಾನದಾರರು ಬಂದರೆ ಇವಳಿಗೆ ಚಹಾ ತರಲು ಹೇಳುತ್ತಿದ್ದನಂತೆ. ಒಂದು ದಿನ ಚಹಾ ತಂದಿಟ್ಟು ಹಾಗೇ ಮನೆಗೆ ಬಂದಳು, ಮತ್ತೆ ಹೋಗಲಿಲ್ಲ. ಯಾರೋ ಬಳಸಿ ಬಿಟ್ಟ ಒಂದು ಮಡಚುವ ಕಂಪ್ಯೂಟರ್ ಕೊಂಡಳು. ಅಡುಗೆ ಮನೆಯ ಬಾಗಿಲಿಗೆ ಎದುರಾಗಿ, ಹೊಲಿಗೆ ಮಶಿನ್ನಿನ ಹಲಗೆಯ ಮೇಲೆ ಅದನ್ನು ಇಟ್ಟಳು.

ಅದು ಮೊದಲಿನಿಂದಲೂ ಮಂದ. ಅದರಲ್ಲಿ ಇದ್ದದ್ದು ಎಲ್ಲರ ಹತ್ತಿರ ಇರುವ, ಕಿಟಕಿಯ ಗುರುತಿನ ದೊಡ್ಡ ಕಂಪನಿಯದು. ಬೆಳಿಗ್ಗೆ ಒತ್ತಿದರೆ ನನ್ನ ಒಂದು ರೊಟ್ಟಿ ಬೇಯುವವರೆಗೂ ಅದು ಎಚ್ಚರವಾಗುತ್ತಿರಲಿಲ್ಲ. ಕೊನೆಗೆ ಒಂದು ದಿನ ಪರದೆಯ ಮೇಲೆ ಬರಹ ಬಂತು. ಹಳೆಯದಕ್ಕೆ ಇನ್ನು ಮುಂದೆ ರಿಪೇರಿ ಕಳಿಸುವುದಿಲ್ಲ, ಹೊಸದು ಹಾಕಬೇಕೆಂದರೆ ಈ ಯಂತ್ರ ನಡೆಯುವುದಿಲ್ಲ, ಎಂದು ಸೊಸೆ ಓದಿ ಅರ್ಥ ಹೇಳಿದಳು. ಹಳೆಯ ಅಂಗಡಿಯವನನ್ನು ಕೇಳಿದರೆ, ಒಂದೋ ಹೊಸ ಕಂಪ್ಯೂಟರ್ ತಗೋ, ಇಲ್ಲ ನನ್ನ ಅಂಗಡಿಯ ಕುರ್ಚಿ ಖಾಲಿ ಇದೆ, ಬಾ ಎಂದ. ಎರಡನೆಯ ಮಾತನ್ನು ಸ್ವಲ್ಪ ನಕ್ಕು ಹೇಳಿದನಂತೆ. ಅಂದು ಸೊಸೆ ಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿದಳು.

ಆಗ ನನ್ನ ಅಣ್ಣನ ಮಗ ಬಂದ. ನಮ್ಮ ಊರಿನ ಅದೇ ಕನ್ನಡ ಶಾಲೆಯಲ್ಲಿ ಈಗ ಅವನು ಮಾಸ್ತರ. ಅವರ ಶಾಲೆಯಲ್ಲೂ ಯಾರೋ ದಾನ ಕೊಟ್ಟ ಹಳೆಯ ಕಂಪ್ಯೂಟರುಗಳು ಹೀಗೇ ಮೂಲೆಗೆ ಬಿದ್ದಿದ್ದವಂತೆ. ಅವಕ್ಕೆ ಲಿನಕ್ಸ್ ಎಂಬುದನ್ನು ಹಾಕಿ ಎಬ್ಬಿಸಿದ್ದೇನೆ ಎಂದ. ಪುಕ್ಕಟೆ ಎಂದ. ಪುಕ್ಕಟೆ ಎಂದ ಕೂಡಲೇ ನನಗೆ ಸಂಶಯ ಬಂತು, ಕೇಳಿದೆ.

“ಪುಕ್ಕಟ ಕೊಡಾಕ ಅವರಿಗೇನ ಹುಚ್ಚ ಹಿಡದದೇನು ತಮ್ಮಾ?”

“ಅವರು ಅಂದ್ರ ಒಬ್ಬರಲ್ಲ ಅತ್ತಿ. ಊರೂರಿನ ಮಂದಿ ಕೂಡಿ ಮಾಡ್ಯಾರ. ಒಳಗ ಹೆಂಗ ಅದ ಅಂತ ಯಾರ ಬೇಕಾದ್ರೂ ತಗದ ನೋಡಬಹುದು, ತಪ್ಪಿದ್ರ ತಿದ್ದಬಹುದು. ಯಾರೂ ಬ್ಯಾಡ ಅನ್ನಂಗಿಲ್ಲ.”

“ಕೆಟ್ಟರ ಯಾರನ್ನ ಕೇಳೋದು?”

“ನನ್ನ ಕೇಳ್ರಿ.”

“ನೀ ನಲವತ್ತ ಕಿಲೋಮೀಟರ್ ದೂರ ಇದ್ದಿ.”

“ನಿಮ್ಮ ಮಗಾನ ಬಸ್ಸಿನಾಗ ಬರ್ತೀನಿ ಬಿಡ್ರಿ,” ಎಂದು ಅವನು ಕೆಲಸಕ್ಕೆ ಕೂತ.

ತಗದ ನೋಡಬಹುದು ಎಂಬ ಮಾತು ನನಗೆ ತಿಳಿಯಿತು. ಗಿರಣಿ ನಡೆಯುತ್ತಿದ್ದ ಕಾಲದಲ್ಲಿ ನನ್ನ ಮಾವ ಅಲ್ಲಿದ್ದರು. ಅಲ್ಲಿಯ ಕೆಲವು ಯಂತ್ರಗಳ ಮುಚ್ಚಳವನ್ನು ಕಂಪನಿಯ ಫಿಟರ್ ಬಂದೇ ತೆಗೆಯಬೇಕು, ಬೇರೆಯವರು ಕೈ ಹಚ್ಚಿದರೆ ಕೆಲಸದಿಂದ ತೆಗೆಯುತ್ತಿದ್ದರಂತೆ. ಓಣಿಯ ಮಗ್ಗಗಳು ಹಾಗಲ್ಲ. ಹೊಟ್ಟೆ ಬಿಚ್ಚಿಕೊಂಡೇ ನಿಂತಿರುತ್ತವೆ. ಪಕ್ಕದ ಮನೆಯವನು ಊಟಕ್ಕೆ ಹೋಗುತ್ತ ಒಂದು ನಟ್ಟು ಬಿಗಿದು ಹೋಗುತ್ತಾನೆ. ಆದರೂ ಮಂದಿ ಗಿರಣಿಯ ಮಾಲಿಗೇ ಒಳ್ಳೆಯದು ಎನ್ನುತ್ತಿದ್ದರು. ಗಿರಣಿ ದೊಡ್ಡದು, ಪಾಳಿ ಬದಲಾಗುವಾಗ ಕೂಗುವ ಅದರ ಭೋಂಗಾ ಊರಿಗೆಲ್ಲ ಕೇಳುತ್ತಿತ್ತು, ಅದಕ್ಕೆ.

ಅವನು ಪೆನ್‌ಡ್ರೈವ್ ಚುಚ್ಚಿದ, ನಾನು ಚಹಾ ಮಾಡಿದೆ, ಅರ್ಧ ತಾಸು ದಾಟಿತು. ಕಂಪ್ಯೂಟರ್ ಎದ್ದಿತು. ಬೇಗ ಎದ್ದಿತು, ಅದನ್ನು ಒಪ್ಪಬೇಕು. ಸೊಸೆಯ ಮುಖ ಅರಳಿತು, ಹಾಗೇ ಬಾಡಿತು. ಪರದೆಯ ಮೇಲೆ ಇದ್ದ ಎಲ್ಲ ಬರಹ ಕನ್ನಡ.

ಮಾಸ್ತರ ಮಾಡಿದ್ದು ಇದು. ಅವನ ಪೆನ್‌ಡ್ರೈವ್ ಶಾಲೆಗೆಂದು ತಯಾರು ಮಾಡಿದ್ದು, ಮಕ್ಕಳಿಗೆ ಓದಲು ಬರಲಿ ಎಂದು ಎಲ್ಲ ಕನ್ನಡ. ಅತ್ತೆಯ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಅಂದ ಮೇಲೆ ಓದುತ್ತಾರೆ ಎಂದುಕೊಂಡ. ಅವನಿಗೆ ಹೊಳೆಯಲೇ ಇಲ್ಲ. ಇಷ್ಟು ವರ್ಷ ಬಂದು ಹೋಗಿದ್ದಾನೆ, ನಮ್ಮ ಮನೆಯ ಗೋಡೆಯ ಮೇಲೆ ಒಂದು ಕನ್ನಡ ಕ್ಯಾಲೆಂಡರ್ ಕೂಡ ಇಲ್ಲ ಎನ್ನುವುದನ್ನು ನೋಡಿರಲಿಲ್ಲ.

“ಭಾವೋಜಿ, ಇದ ನನಗ ಓದಾಕ ಬರಂಗಿಲ್ಲ,” ಎಂದಳು ಸೊಸೆ.

ನಾನು ಕನ್ನಡಕ ಹಾಕಿಕೊಂಡು ಹತ್ತಿರ ಹೋದೆ. ಕಡತ. ಸಂಪಾದನೆ. ನೋಟ. ಪರಿಕರಗಳು. ಒಂದೊಂದು ಅಕ್ಷರಕ್ಕೆ ಬೆರಳು ಇಟ್ಟು ಓದಿದೆ, ಓದಲು ಬಂತು. ಕಡತ ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ನಮ್ಮ ಕಡೆ ಯಾರೂ ಆ ಮಾತು ಆಡುವುದಿಲ್ಲ. ಆದರೆ ಓದಲು ಬಂತು. ಮಾಸ್ತರ ಮರಾಠಿಗೆ ಬದಲಾಯಿಸುತ್ತೇನೆ, ಅದಕ್ಕೆ ನೆಟ್ ಬೇಕು, ಸ್ವಲ್ಪ ಹೊತ್ತು ಹಿಡಿಯುತ್ತದೆ ಎಂದ. ಕೊನೆಯ ಬಸ್ಸಿನ ಹೊತ್ತಾಗಿತ್ತು. ಮುಂದಿನ ಸಲ ಮಾಡು, ಅಲ್ಲಿಯವರೆಗೆ ನಾನಿದ್ದೇನೆ ಎಂದೆ. ಅವಸರಕ್ಕೆ ಹೇಳಿದ ಮಾತಲ್ಲ ಅದು. ನನಗೆ ಸೊಕ್ಕು ಬಂದಿತ್ತು. ಎಪ್ಪತ್ತು ದಾಟಿದ ಮೇಲೆ ಮೂರನೇ ಇಯತ್ತೆ ಉಪಯೋಗಕ್ಕೆ ಬಂದರೆ ಯಾರಿಗೆ ಬರುವುದಿಲ್ಲ.

ಅಂದಿನಿಂದ ಮನೆಯಲ್ಲಿ ನನ್ನ ಕೆಲಸ ಹೆಚ್ಚಾಯಿತು. ಆಯಿ, ಎಂದು ಸೊಸೆ ನನ್ನನ್ನು ಕರೆಯುವಳು, ಇದೇನು? ಮುದ್ರಿಸು. ಆಯಿ, ಇದು? ಹಿಂದಕ್ಕೆ. ನಾನು ಓದಿ ಹೇಳುತ್ತಿದ್ದೆ, ಅರ್ಥವನ್ನು ಅವಳೇ ಊಹೆ ಮಾಡುತ್ತಿದ್ದಳು. ಕೆಲಸದ ಜಾಗ ನೆನಪಿದ್ದರೆ ಸಾಕಲ್ಲ, ಕೈ ತಾನೇ ಹೋಗುತ್ತದೆ. ಚೌಕ ತುಂಬುವುದಕ್ಕೆ ಯಾವ ಭಾಷೆಯೂ ಬೇಡ.

ಅಂಗಡಿಯವನು ಒಂದು ಸಲ ಬಾಗಿಲಲ್ಲಿ ನಿಂತು ನೋಡಿ ಹೋದ. ಮರಾಠಿಯಲ್ಲೇ ಮಾತಾಡಿದ. ಫುಕಟದ ಮಾಲು, ಇದರಲ್ಲಿ ಮಾಡಿದ್ದು ನಾಳೆ ಯಾರ ಮಶಿನ್ನಿನಲ್ಲೂ ತೆರೆಯುವುದಿಲ್ಲ, ಊರೆಲ್ಲ ಒಂದು ದಾರಿಯಲ್ಲಿ ಹೋಗುವಾಗ ನೀನೊಬ್ಬಳು ಬೇರೆ ದಾರಿ ಹಿಡಿದರೆ ಯಾರು ಜೊತೆಗೆ ಬರುತ್ತಾರೆ, ಎಂದ. ಮಾತು ಪೂರಾ ಸುಳ್ಳಲ್ಲ. ಹೊಸ ಎಲೆಕ್ಟ್ರಾನಿಕ್ ಜಕಾರ್ಡ್ ಇರುವ ಕಾರಖಾನೆಗಳ ಸಾಫ್ಟ್‌ವೇರ್ ಆ ಕಿಟಕಿಯವರ ಕಂಪ್ಯೂಟರಿನಲ್ಲಿ ಮಾತ್ರ ನಡೆಯುತ್ತದೆ. ಅವರು ನಮ್ಮ ಮನೆಗೆ ಬರುವುದಿಲ್ಲ, ಇವತ್ತಿಗೂ ಬಂದಿಲ್ಲ. ಎಲ್ಲರೂ ಅದನ್ನೇ ಬಳಸುತ್ತಾರೆ ಎನ್ನುವುದೇ ಎಲ್ಲರೂ ಅದನ್ನು ಬಳಸಲು ಕಾರಣ. ಓಣಿಯವರೆಲ್ಲ ಒಂದೇ ಚಹಾಪುಡಿ ತರುವ ಹಾಗೆ.

ಆದರೆ ರಟ್ಟಿನ ಜಕಾರ್ಡ್ ಇನ್ನೂ ಸತ್ತಿಲ್ಲ. ಅಂಥ ಮಗ್ಗ ಇಟ್ಟುಕೊಂಡ ಒಬ್ಬ ಶೇಟ್ರು ಸೊಸೆಯನ್ನು ಹುಡುಕಿಕೊಂಡು ಬಂದರು. ಅಂಗಡಿಯಲ್ಲಿ ಚೌಕ ತುಂಬುವವಳು ಇವಳೇ ಎಂದು ಅವರಿಗೆ ಗೊತ್ತಿತ್ತು. ಚಹಾ ತಂದದ್ದು ನೋಡಿದ್ದರು, ಪರದೆಯ ಮುಂದೆ ಕೂತು ಚೌಕ ತುಂಬುವುದನ್ನೂ ನೋಡಿದ್ದರು. ಅಕ್ಕಲಕೋಟೆಯ ಒಂದು ಯಾತ್ರಿ ನಿವಾಸದವರು ಹಳೆಯ ಗಿಳಿ ಅಂಚಿನ ಚಾದರವೇ ಬೇಕು ಎಂದಿದ್ದಾರಂತೆ. ಆ ರಟ್ಟುಗಳು ಇಲಿಯ ಬಾಯಿಗೆ ಹೋಗಿ ಬಹಳ ಕಾಲವಾಗಿತ್ತು. ಒಂದು ಹಳೆಯ ಚಾದರ ತಂದು ಕೊಟ್ಟು, ಇದನ್ನು ನೋಡಿ ಚೌಕಳಿ ಮಾಡು, ಗಿಳಿ ಇದೇ ಗಿಳಿ ಆಗಬೇಕು ಎಂದರು. ಸರಿಯಾದರೆ ನನ್ನ ಎಲ್ಲ ಮಗ್ಗದ ಡಿಸೈನು ನಿನ್ನದೇ, ಶನಿವಾರ ಬೆಳಿಗ್ಗೆ ಬರುತ್ತೇನೆ, ಆಗದಿದ್ದರೆ ಮೊದಲಿನ ಅಂಗಡಿಗೇ ಹೋಗುತ್ತೇನೆ ಎಂದರು. ಸೊಸೆಗೆ ಬೇಕಾಗಿದ್ದು ಅಷ್ಟೇ. ಒಬ್ಬ ಶೇಟ್ರು ಸಿಕ್ಕರೆ ಆ ಕುರ್ಚಿಗೆ ಮರಳುವ ಕೆಲಸವಿಲ್ಲ.

ಭಾನುವಾರದಿಂದ ಬುಧವಾರದವರೆಗೆ ಭೂತಗನ್ನಡಿ ಹಿಡಿದು ಚಾದರದ ಎಳೆ ಎಣಿಸಿದಳು, ಚೌಕ ತುಂಬಿದಳು. ಎಣಿಸಿ ತಲೆ ಎತ್ತುವಷ್ಟರಲ್ಲಿ ಲೆಕ್ಕ ಮರೆಯುವುದು, ಮತ್ತೆ ಎಣಿಸುವುದು. ಹೊತ್ತು ಮುಳುಗಿದರೆ ಕಂಪ್ಯೂಟರ್ ಮಡಚುವಳು, ಬೆಳಿಗ್ಗೆ ಬಿಚ್ಚಿದರೆ ಬಿಟ್ಟಲ್ಲೇ ಗಿಳಿ ಕೂತಿರುತ್ತಿತ್ತು. ಅಂಗಡಿಯ ಸಾಫ್ಟ್‌ವೇರ್ ಮಾಡಿದ ಕೆಲಸವನ್ನು ತಾನೇ ಉಳಿಸಿಕೊಳ್ಳುತ್ತಿತ್ತಂತೆ. ಇದೂ ಹಾಗೇ ಎಂದುಕೊಂಡಳು. ನಾಲ್ಕು ದಿನ ಒಂದು ಸಲವೂ ಉಳಿಸಿರಲಿಲ್ಲ.

ಗುರುವಾರ ಬೆಳಿಗ್ಗೆ ಪಕ್ಕದ ಮನೆಯವರ ಪ್ರಿಂಟರ್ ತಂದಳು. ಕಂಪ್ಯೂಟರ್ ಅದನ್ನು ಗುರುತು ಹಿಡಿಯಲಿಲ್ಲ. ಮಾಸ್ತರನಿಗೆ ಫೋನ್ ಮಾಡಿದರೆ, ಎಲ್ಲ ಮುಚ್ಚಿ ಒಂದು ಸಲ ಬಂದ್ ಮಾಡಿ ಚಾಲೂ ಮಾಡ್ರಿ ಎಂದ. ಸರಿಯಾದ ಮಾತೇ. ಅವಳು ಮುಚ್ಚಲು ಹೋದಳು. ಪರದೆಯ ಮೇಲೆ ಒಂದು ಪೆಟ್ಟಿಗೆ ಬಂತು.

“ಆಯಿ, ಇದ ಏನೋ ಕೇಳಾಕತ್ತದ, ನೋಡ್ರಿ.”

ನಾನು ಒಲೆಯ ಮುಂದಿದ್ದೆ. ತವೆಯ ಮೇಲೆ ರೊಟ್ಟಿ, ಕೈ ತುಂಬ ಜೋಳದ ಹಿಟ್ಟು, ಕನ್ನಡಕ ಹಣೆಯ ಮೇಲೆ. ಬಾಗಿಲಿಗೆ ಬಂದು ಬಗ್ಗಿ ನೋಡಿದೆ. ಮೇಲೆ ಉದ್ದನೆಯ ಸಾಲು, ಕೆಳಗೆ ಮೂರು ಗುಂಡಿ. ಮೊದಲನೆಯದರ ಕೊನೆಯ ಶಬ್ದ ಕಂಡಿತು, ಮುಚ್ಚು. ಹಿಂದೆ ರೊಟ್ಟಿ ಹೊತ್ತುವ ವಾಸನೆ ಬಂತು.

“ಮೊದಲನೇದ ಒತ್ತು. ಮುಚ್ಚು ಅಂತ ಅದ,” ಎಂದು ತವೆಯ ಕಡೆ ಹೋದೆ.

ಒತ್ತಿದಳು. ಬಂದ್ ಮಾಡಿದಳು, ಚಾಲೂ ಮಾಡಿದಳು. ಪ್ರಿಂಟರನ್ನು ಗುರುತು ಹಿಡಿಯಿತು. ಗಿಳಿ ಎಲ್ಲೂ ಇರಲಿಲ್ಲ.

ಅವಳು ಕೂಗಾಡಲಿಲ್ಲ. ಎಲ್ಲ ಕಡೆ ಹುಡುಕಿದಳು, ಆಮೇಲೆ ಕೈ ಮಡಿಲಲ್ಲಿ ಇಟ್ಟುಕೊಂಡು ಕೂತಳು. ಮಧ್ಯಾಹ್ನ ಊಟಕ್ಕೆ ಬಂದ ಮಗ ಕೇಳಿದ, ಈ ಪುಕ್ಕಟದ್ದನ್ನು ಮನೆಗೆ ತರಿಸಿದವರು ಯಾರು ಎಂದ, ಮಾಸ್ತರನನ್ನು ತಾನೇ ತನ್ನ ಬಸ್ಸಿನಲ್ಲಿ ಕರೆತಂದಿದ್ದನ್ನು ಮರೆತು. ಓಣಿಗೆ ಸುದ್ದಿ ಹೋಯಿತು. ಸಂಜೆ ಅಂಗಡಿಯವನು ಸೋಮವಾರದಿಂದ ಬಾ ಎಂದು ಹೇಳಿ ಕಳಿಸಿದ. ಸೊಸೆ ಬರುತ್ತೇನೆ ಎಂದು ಹೇಳಿ ಕಳಿಸಿದಳು.

ನನಗೆ ಯಾವಾಗ ತಿಳಿಯಿತು ಎಂದರೆ, ಆಗಲೇ ತಿಳಿಯಿತು. ಅಂದೇ ಮಧ್ಯಾಹ್ನ ಸೊಸೆ ನೀರು ತುಂಬಲು ಹೋದಾಗ ಕಂಪ್ಯೂಟರಿನ ಮುಂದೆ ಕೂತೆ. ಅವಳು ಹುಡುಕುತ್ತ ತೆರೆದಿಟ್ಟಿದ್ದ ಖಾಲಿ ಚೌಕಳಿಯ ಮೇಲೆ ನನ್ನ ಬೆರಳು ಬಡಿದು ಒಂದು ಕಪ್ಪು ಚೌಕ ಬಿತ್ತು. ಅವಳು ಮಾಡಿದಂತೆ ಮುಚ್ಚಲು ಹೋದೆ. ಅದೇ ಪೆಟ್ಟಿಗೆ ಬಂತು. ಈ ಸಲ ಕನ್ನಡಕ ಕಣ್ಣಿನ ಮೇಲಿತ್ತು. ಮೊದಲನೆಯ ಗುಂಡಿಯ ಮೇಲೆ ಉಳಿಸದೆ ಮುಚ್ಚು ಎಂದಿತ್ತು. ಎರಡನೆಯದು ರದ್ದುಗೊಳಿಸು. ಮೂರನೆಯದು ಉಳಿಸು. ಯಂತ್ರ ಅಚ್ಚುಕಟ್ಟಾಗಿ ಕೇಳಿತ್ತು, ಉಳಿಸಲೋ ಬೇಡವೋ ಎಂದು. ಬೇಡ ಎಂದವಳು ನಾನು.

ಹೇಳಬೇಕಿತ್ತು. ಹೇಳಲಿಲ್ಲ. ಸಂಜೆ ಹೇಳೋಣ ಎಂದುಕೊಂಡೆ, ಸಂಜೆ ಮಗ ಇದ್ದ. ಊಟದ ಹೊತ್ತಿಗೆ ಹೇಳೋಣ ಎಂದುಕೊಂಡೆ, ಆಗ ಬೇಳೆಯ ರೇಟಿನ ಮಾತು ಬಂತು. ಇಡೀ ಮನೆಯಲ್ಲಿ ಓದಲು ಬರುವವಳು ನೀನೊಬ್ಬಳೇ ಎಂದು ಒಂದು ತಿಂಗಳಿಂದ ಕೇಳಿಸಿಕೊಂಡಿದ್ದೆನಲ್ಲ, ಅದು ಅಡ್ಡ ಬಂತು. ಮನುಷ್ಯರು ಸುಳ್ಳು ಹೇಳುವುದಕ್ಕಿಂತ ಹೆಚ್ಚು ಸುಮ್ಮನೆ ಕೂತು ಕೆಡಿಸುತ್ತಾರೆ. ನಾನು ಬೇರೆಯವರಿಗೆ ಬಹಳ ಸಲ ಹೇಳಿದ ಮಾತು ಅದು.

ಶುಕ್ರವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಮಾಸ್ತರ ಬಂದ. ರಜೆ ಹಾಕಿ ಬಂದಿದ್ದ. ಒಂದು ತಾಸು ಏನೇನೋ ಹುಡುಕಿದ, ಏನೂ ಸಿಗಲಿಲ್ಲ. ಸೊಸೆಗೆ ಮುಖ ತೋರಿಸಲು ಆಗದೆ ನನ್ನ ಕಡೆ ತಿರುಗಿ ಹೇಳಿದ.

“ಅತ್ತಿ, ತಪ್ಪ ನಂದ. ನಿಮ್ಮ ಮನ್ಯಾಗ ಇದನ್ನ ಹಾಕಬಾರದಿತ್ತು. ಮೊದಲಿನ ಹಳೇದನ್ನ ಹಾಕಿ ಕೊಟ್ಟ ಹೋಗ್ತೀನಿ. ಸಾಲಿಯಾಗೂ ಹೆಡ್ ಮಾಸ್ತರು ಇದನ್ನ ತಗದ ಬಿಡು ಅಂತಿದ್ರು. ಅವರಂದದ್ದ ಖರೆ ಇರಬೇಕು.”

ಆಗ ನನಗೆ ತಡೆಯಲಿಲ್ಲ. ಕರುಣೆ ಬಂತು ಎಂದು ಹೇಳುವುದಿಲ್ಲ. ಇವನು ಹೋಗಿ ಶಾಲೆಯ ಕಂಪ್ಯೂಟರುಗಳನ್ನೂ ಮೂಲೆಗೆ ಹಾಕುತ್ತಾನೆ, ಇವಳು ಸೋಮವಾರ ಹೋಗಿ ಚಹಾ ತರುತ್ತಾಳೆ, ಎಲ್ಲ ನನ್ನ ಒಂದು ರೊಟ್ಟಿಗೆ. ಅಷ್ಟು ದೊಡ್ಡ ರೊಟ್ಟಿ ನಾನು ಯಾವತ್ತೂ ಬಡಿದಿಲ್ಲ.

“ಯಾರದೂ ತಪ್ಪಿಲ್ಲ, ನಂದ ಅದ,” ಎಂದೆ. “ಉಳಿಸದೆ ಮುಚ್ಚು ಅಂತಿತ್ತು. ನಾ ಮುಚ್ಚು ಅಂತಷ್ಟ ಓದಿ ಹೇಳಿದೆ. ನಿನ್ನೆ ಮಧ್ಯಾಹ್ನನ ಗೊತ್ತಾಗಿತ್ತು.”

ಸೊಸೆ ನನ್ನ ಕಡೆ ತಿರುಗಿದಳು.

“ನಿನ್ನೆ ಗೊತ್ತಾಗಿತ್ತು?”

“ಹೂಂ.”

“ಮತ್ತ ನಾ ಅಂಗಡಿಗಿ ಬರ್ತೀನಿ ಅಂತ ಹೇಳಿ ಕಳಿಸಿದಾಗ ನೀವ ಎಲ್ಲಿದ್ರಿ?”

“ಇಲ್ಲೇ ಬಳ್ಳೊಳ್ಳಿ ಸುಲೀತಿದ್ದೆ.”

ಅವಳಿಗೆ ನಗು ಬಂತೋ ಸಿಟ್ಟು ಬಂತೋ ನನಗೆ ಗೊತ್ತಾಗಲಿಲ್ಲ, ಅವಳಿಗೂ ಗೊತ್ತಾಗಿರಲಿಕ್ಕಿಲ್ಲ. ಒಳಗೆ ಹೋಗಿ ನೀರು ಕುಡಿದು ಬಂದಳು. ನನ್ನ ಜೊತೆ ಮಾತಾಡದೆ ಮಾಸ್ತರನನ್ನು ಕೇಳಿದಳು, ಮತ್ತೆ ಮಾಡಿದರೆ ನಾಳೆ ಬೆಳಿಗ್ಗೆಯೊಳಗೆ ಆಗುತ್ತದೆಯೇ ಎಂದು. ಅವನಿಗೇನು ಗೊತ್ತು ಅದು. ನಾಲ್ಕು ದಿನ ಹಿಡಿದ ಕೆಲಸ, ಉಳಿದದ್ದು ಒಂದು ಹಗಲು.

“ನೀ ಒಬ್ಬಾಕಿನ ಎಣಿಸಿ ಒಬ್ಬಾಕಿನ ತುಂಬಿದ್ದಕ್ಕ ನಾಕ ದಿನ ಹಿಡೀತು,” ಎಂದೆ ನಾನು. “ಕೂಡು. ನಾ ಹೇಳ್ತೀನಿ, ನೀ ತುಂಬು. ಚಾದರ ನೋಡಬ್ಯಾಡ.”

ಮಾಸ್ತರ ಮೊದಲು ಒಂದು ಖಾಲಿ ಚೌಕಳಿ ಮಾಡಿ, ಅದಕ್ಕೆ ಹೆಸರು ಕೊಟ್ಟು ಉಳಿಸಿದ. ಪ್ರತಿ ಹತ್ತು ಸಾಲಿಗೆ ಉಳಿಸುವುದು ತನ್ನ ಜವಾಬ್ದಾರಿ ಎಂದು ಪಕ್ಕದಲ್ಲೇ ಕೂತ. ನಾನು ಚಾದರವನ್ನು ಕಿಟಕಿಯ ಬೆಳಕಿಗೆ ಹಿಡಿದು, ಸಾಲಿನ ಮೇಲೆ ಹೆಣಿಗೆಯ ಕಡ್ಡಿ ಇಟ್ಟೆ. ಹಾಗೆ ಇಟ್ಟರೆ ಕಣ್ಣು ಜಾರುವುದಿಲ್ಲ. ಮೊದಲ ಸಾಲು, ಆರು ಬಿಡು, ಎರಡು ಹಿಡಿ, ಹನ್ನೊಂದು ಬಿಡು. ಮೊದಮೊದಲು ಅವಳು ನಡುವೆ ತಿರುಗಿ ಚಾದರ ನೋಡುತ್ತಿದ್ದಳು, ಸಾಲು ತಪ್ಪುತ್ತಿತ್ತು. ನೋಡಬೇಡ ಎಂದೆ. ನಿನ್ನೆ ನೋಡದೆ ಒತ್ತಿದ್ದರ ಫಲ ನೋಡಿದ್ದೇನೆ ಎಂದಳು. ಆ ಮಾತು ನನಗೆ ಬರಬೇಕಾದದ್ದೇ, ಬಂತು. ಹತ್ತು ಸಾಲು ದಾಟಿದ ಮೇಲೆ ನೋಡುವುದನ್ನು ಬಿಟ್ಟಳು.

ಎಷ್ಟೋ ವರ್ಷದ ಮೇಲೆ ಬಾಯಿಗೆ ಆ ಓಟ ಬಂತು. ಹಿಡಿ, ಬಿಡು, ಹಿಡಿ, ಬಿಡು. ಗಿಳಿಯ ಬಾಲ ಮುಗಿಯಿತು, ಹೊಟ್ಟೆ ಬಂತು. ಹೊಟ್ಟೆಯಲ್ಲಿ ಒಂದು ಕಡೆ ಎಳೆ ಸವೆದು ಕಾಣುತ್ತಿರಲಿಲ್ಲ. ಮುಂದಿನ ಗಿಳಿಯಿಂದ ತೆಗೆದುಕೊಂಡೆವು, ಒಂದೇ ಅಂಚಿನಲ್ಲಿ ಅಷ್ಟೊಂದು ಗಿಳಿ ಇರುವುದು ಅದಕ್ಕೇ ಅಲ್ಲವೇ. ಮಧ್ಯಾಹ್ನ ಮಾಸ್ತರ ಅವಲಕ್ಕಿ ಕಲಸಿ ಕೊಟ್ಟ, ಕೂತಲ್ಲೇ ತಿಂದೆವು. ಹೊತ್ತು ಇಳಿದು ದೀಪ ಹಚ್ಚುವ ಮೊದಲೇ ಕೊಕ್ಕು ಮುಗಿಯಿತು. ಒಂದು ಗಿಳಿಗೆ ಎಪ್ಪತ್ತೆರಡು ಸಾಲು. ಪ್ರಿಂಟರ್ ಕಾಗದ ಉಗುಳಿತು. ಮಾಸ್ತರ ಅದನ್ನು ಗೋಡೆಗೆ ಹಿಡಿದು ನಿಂತ, ನಾನು ದೂರದಿಂದ ನೋಡಿದೆ. ಗಿಳಿ ಗಿಳಿಯಂತೇ ಇತ್ತು. ಚಲೋ ಆಗದ ಎಂದೆ. ನಾನು ಹಾಗೆ ಸುಮ್ಮನೆ ಹೇಳುವವಳಲ್ಲ ಎಂದು ಅವಳಿಗೆ ಗೊತ್ತು.

ಹೋಗುವ ಮೊದಲು ಮಾಸ್ತರ, ಈಗ ಮರಾಠಿ ಮಾಡಿ ಹೋಗಲೇ ಎಂದು ಕೇಳಿದ. ಸೊಸೆ ಶೇಟ್ರು ಬಂದು ಹೋಗುವವರೆಗೆ ಇದಕ್ಕೆ ಯಾರೂ ಏನೂ ಮಾಡುವುದು ಬೇಡ ಎಂದಳು. ಆಮೇಲೆ ನನ್ನ ಕಡೆ ನೋಡದೆ ಇನ್ನೊಂದು ಮಾತು ಸೇರಿಸಿದಳು.

“ಮರಾಠಿ ಮಾಡಿದ್ರ ಆಯಿಗಿ ಕೆಲಸ ಇರಂಗಿಲ್ಲ. ಇರ್ಲಿ ಬಿಡ್ರಿ. ಪೂರಾ ಓದಾಕ ಕಲೀಲಿ.”

ಮಾಸ್ತರ ನಕ್ಕ. ನಾನೂ ನಕ್ಕೆ ಎಂದು ಕಾಣುತ್ತದೆ.

ಶನಿವಾರ ಶೇಟ್ರು ಬಂದರು. ಕಾಗದವನ್ನು ಚಾದರದ ಮೇಲೆ ಹಾಸಿ, ಪೆನ್ಸಿಲ್ ತುದಿಯಿಂದ ಅಲ್ಲಿ ನಾಲ್ಕು ಚೌಕ, ಇಲ್ಲಿ ನಾಲ್ಕು ಚೌಕ ಎಣಿಸಿದರು. ಯಾವ ಕಂಪ್ಯೂಟರಿನಲ್ಲಿ ಮಾಡಿದೆ, ಯಾವ ಕಂಪನಿಯದು, ಅವರು ಕೇಳಲಿಲ್ಲ. ಅವರ ತೂತು ಹೊಡೆಯುವವನಿಗೆ ಬೇಕಾದದ್ದು ಕಾಗದ ಮತ್ತು ಚೌಕ. ಕೊಕ್ಕು ಒಂದು ಚೌಕ ಮೊಂಡಾಗಲಿ, ಇಷ್ಟು ಚೂಪಾದರೆ ದಾರ ಎಳೆಯುತ್ತದೆ ಎಂದರು. ಮುಂದಿನ ವಾರ ಟವೆಲ್ಲಿನ ಎರಡು ಅಂಚು ಕಳಿಸುತ್ತೇನೆ ಎಂದೂ ಹೇಳಿದರು. ಚಹಾ ನಾನು ಮಾಡಿದೆ. ಸೊಸೆ ಕೂತೇ ಇದ್ದಳು, ಶೇಟ್ರ ಎದುರಿನ ಕುರ್ಚಿಯಲ್ಲಿ. ಅಂಗಡಿಯವನಿಗೆ ಬರುವುದಿಲ್ಲ ಎಂದು ಹೇಳಲು ತಾನೇ ಹೋದಳು, ಯಾರನ್ನೂ ಕಳಿಸಲಿಲ್ಲ. ಹೋಗಿ ಬಂದು ಏನಂದ ಎಂದು ಕೇಳಿದರೆ, ಚಹಾ ಕೊಟ್ಟ ಎಂದಳು.

ಮರುದಿನ ಭಾನುವಾರ. ಬೆಳಿಗ್ಗೆ ನಾನು ತವೆ ಇಟ್ಟು ಮೂರನೇ ರೊಟ್ಟಿ ಹಾಕಿದ್ದೆ. ಸೊಸೆ ಕೊಕ್ಕಿನ ಚೌಕ ತಿದ್ದಿ ಮುಚ್ಚಲು ಹೋದಳು, ಪೆಟ್ಟಿಗೆ ಬಂತು. ಆಯಿ ಎಂದಳು. ಎಲ್ಲಿ ಏನಿದೆ ಎಂದು ಅವಳಿಗೆ ಈಗ ಗೊತ್ತಿತ್ತು, ಆದರೂ ಕರೆದಳು. ನಾನು ಗ್ಯಾಸ್ ಬಂದ್ ಮಾಡಿದೆ. ರೊಟ್ಟಿಯನ್ನು ಬುಟ್ಟಿಗೆ ಹಾಕಿದೆ. ಕೈ ತೊಳೆದು, ಸೆರಗಿಗೆ ಒರೆಸಿ, ಕನ್ನಡಕ ಇಳಿಸಿಕೊಂಡು ಅವಳ ಪಕ್ಕದ ಸ್ಟೂಲಿನ ಮೇಲೆ ಕೂತೆ. ಮೇಲಿನ ಉದ್ದನೆಯ ಸಾಲು ಓದಿದೆ. ಮೊದಲನೆಯ ಗುಂಡಿ ಓದಿದೆ, ಎರಡನೆಯದು ಓದಿದೆ, ಮೂರನೆಯದೂ ಓದಿದೆ. ಮೂರನೆಯದನ್ನು ಒತ್ತು ಎಂದೆ. ಒತ್ತಿದಳು. ಎದ್ದು ಹೋಗಿ ಮತ್ತೆ ಗ್ಯಾಸ್ ಹಚ್ಚಿದೆ.